ಕಣ್ಣು ಕೊಟ್ಟ ತವರು

ಫೆಬ್ರವರಿ 3, ಸೋಮವಾರ

ಇಂದಿನಿಂದ ನಾನು ಕಳ್ಳ. ಇದನ್ನು ಬರೆದಾದ ಮೇಲೆ ಪುಸ್ತಕವನ್ನು ಫೋಟೋ ಗಾಜುಗಳ ಹಿಂದೆ ಇಡಬೇಕು. ನನ್ನ ಹೆಂಡತಿ ಚೈತ್ರಾ ಒಮ್ಮೆ ಅಲ್ಲಿ ಬೆರಳು ಕುಯ್ದುಕೊಂಡಿದ್ದಾಳೆ, ಅಂದಿನಿಂದ ಆ ಮೂಲೆಯ ಕಸವನ್ನೂ ಗುಡಿಸುವುದಿಲ್ಲ.

ಮಧ್ಯಾಹ್ನ ಅಂಗಡಿಯಲ್ಲಿ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದೆ. ಚೈತ್ರಾಳ ತಮ್ಮ ಕಾಂತರಾಜ್, ತನ್ನ ಗೆಳೆಯ ರಿಯಾಜನ ಲಗೇಜ್ ಆಟೋದಲ್ಲಿ ಬಟ್ಟೆಯ ಚೀಲ ಸಮೇತ ಬಂದಿಳಿದ. ಆಟೋದಲ್ಲಿ ಫ್ರಿಜ್ಜಿನ ದೊಡ್ಡ ರಟ್ಟಿನ ಡಬ್ಬ, ಡಬ್ಬದಲ್ಲಿ ಹಸಿರು ಸೀರೆ ಸುತ್ತಿದ ಮರದ ದೇವಿ. ನಿಲ್ಲಿಸಿದರೆ ನನ್ನ ಎದೆಮಟ್ಟ ಬರುತ್ತಾಳೆ. ಮೂಗುತಿ ಇಟ್ಟ ಮೂಗಿದೆ, ಬಾಯಿದೆ, ಗಲ್ಲದ ಮೇಲೆ ಮೂರು ಚುಕ್ಕೆ ಹಚ್ಚೆಯಿದೆ. ಕಣ್ಣಿಲ್ಲ. ಕೆರೆದು, ಅಲ್ಲಿ ಬರೀ ಬಿಳಿ ಬಳಿದಿದ್ದಾರೆ.

“ಇದು ಕಳವು ಅಲ್ಲ ಭಾವ,” ಅಂದ ಕಾಂತರಾಜ್. “ಹನ್ನೆರಡು ವರ್ಷಕ್ಕೊಮ್ಮೆ ಅವ್ವಗೆ ಹೊಸ ಬಣ್ಣ ಮಾಡ್ತಾರೆ. ಕಣ್ಣು ಕೆರೆದ್ರು ಅಂದ್ರ ಆಕಿ ತವರಿಗೆ ಹೋದ್ಲು ಅಂತ ಲೆಕ್ಕ. ಆವಾಗ ಪೂಜೆ ಇಲ್ಲ, ಕಾವಲಿಲ್ಲ. ಉಳಿದಿದ್ದು ಬರೇ ಕಟ್ಟಿಗೆ. ಹಾಡಹಗಲೇ ಎತ್ತಿಕೊಂಡು ಬಂದ್ವಿ, ಒಂದು ನಾಯಿನೂ ಬೊಗಳಲಿಲ್ಲ. ಕಟ್ಟಿಗೆ ತಂದ್ರ ದೇವ್ರ ಕಳವು ಹೆಂಗಾಗುತ್ತೆ?”

ಊರು ಹರಿಹರದಿಂದ ನಂದಿಗುಡಿಗೆ ಹೋಗುವ ಬಸ್ಸಿನ ದಾರಿಯಲ್ಲಿದೆ. ಹೆಸರು ಬರೆಯುವುದಿಲ್ಲ. ನಾನು ಕಳ್ಳನೇ ಹೊರತು ದಡ್ಡನಲ್ಲ.

ಹಿಂದಿನ ಕೋಣೆಯಲ್ಲಿ ಇಟ್ಟಿದ್ದೇವೆ. ಚೈತ್ರಾಳಿಗೆ ಸೀರೆ ಅಂಗಡಿಯ ಬೊಂಬೆ, ರಿಪೇರಿಗೆ ಬಂದಿದೆ ಎಂದು ಹೇಳಿದೆ.

ಫೆಬ್ರವರಿ 4, ಮಂಗಳವಾರ

ಕಾಂತರಾಜ್ ಇಂದು ಪೂರ್ತಿ ಯೋಜನೆ ಬಿಡಿಸಿ ಹೇಳಿದ. ಆ ಊರಿನಲ್ಲಿ ಪಾಳೇಗಾರರ ಕಾಲದ ನಿಧಿ ಇದೆಯಂತೆ. ಅವ್ವ ಯಾವ ಕಡೆ ನೋಡುತ್ತಾಳೋ ಅಲ್ಲಿ ನಿಧಿ ಎಂದು ಹಿಂದಿನವರು ಹೇಳಿಟ್ಟು ಹೋಗಿದ್ದಾರೆ. ಗುಡಿಯಲ್ಲಿ ಅವಳು ನೋಡುತ್ತಿದ್ದ ಗೋಡೆಯನ್ನು ಆ ಊರವರ ಅಜ್ಜಂದಿರೇ ಒಡೆದು ನೋಡಿ, ಏನೂ ಸಿಗದೆ ಮತ್ತೆ ಕಟ್ಟಿದ್ದಾರೆ.

“ಯಾಕ ಸಿಗಲಿಲ್ಲ ಹೇಳು? ಕಣ್ಣು ಬರೆದವರು ಸರಿಯಾಗಿ ಬರೆದಿಲ್ಲ. ಒಂದು ಕಣ್ಣು ಹೊಳಿ ಕಡೆ, ಇನ್ನೊಂದು ಹೊಲದ ಕಡೆ. ನೀನು ಬರಿ ಭಾವ. ನಿನ್ನ ಕೈಲಿ ಬರೆದ ಕಣ್ಣು ದಾರಿ ತಪ್ಪಲ್ಲ. ನಿಧಿ ಸಿಕ್ಕ ಮೇಲೆ ಬೊಂಬೆನ ಹಳೇ ಕಲೆ ಅಂತ ಮಾರಿಬಿಡಾನ.”

ಇವನು ಹೊಗಳಿದರೆ ಹಳ್ಳಕ್ಕೆ ಬೀಳುತ್ತೇನೆ ಎಂದು ಗೊತ್ತು. ಬಿದ್ದೆ. ಒಂದು ಕಾಲದಲ್ಲಿ ದಾವಣಗೆರೆಯ ಅರ್ಧ ಬಜಾರಿನ ಬೋರ್ಡುಗಳು ನನ್ನ ಕೈಯವು. ಫ್ಲೆಕ್ಸ್ ಬಂತು, ಬ್ರಷ್ಷು ಒಣಗಿತು. ಈಗ ನಿಜಲಿಂಗಪ್ಪ ಬಡಾವಣೆಯ ಈ ಮನೆಯ ಮುಂದಿನ ಕೋಣೆಯಲ್ಲಿ ಸತ್ತವರ ಫೋಟೋಗಳಿಗೆ ಗಾಜು ಹಾಕುತ್ತೇನೆ. ಆದರೆ ಕಣ್ಣು ಇನ್ನೂ ಗಟ್ಟಿ. ತಾರಸಿ ಮೇಲೆ ನಿಂತರೆ ಮುಖ್ಯರಸ್ತೆಯ ತಿರುವಿನ ಬಸ್ಸಿನ ಬೋರ್ಡು ಓದುತ್ತೇನೆ. ಕಂಡಕ್ಟರ್ ಕೂಗುವ ಮೊದಲೇ ಅದು ಹೊನ್ನಾಳಿಯದೋ ಹರಪನಹಳ್ಳಿಯದೋ ಎಂದು ಹೇಳುತ್ತೇನೆ. ಈ ಬಡಾವಣೆಯಲ್ಲಿ ಇನ್ನೊಬ್ಬ ಹೇಳಲಿ ನೋಡೋಣ.

ಅಪ್ಪ ದೇವರಿಗೆ ಬಣ್ಣ ಮಾಡುವವನಾಗಿದ್ದ. ಕಣ್ಣು ಬರೆಯುವಾಗ ಎದುರಿಗೆ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ನಿಂತು, ದೇವಿಯ ಮುಖದೆದುರು ಕನ್ನಡಿ ಇಟ್ಟು ಬರೆಯುತ್ತಿದ್ದ. “ಮೊದಲ ನೋಟ ಆಕಿದೇ ಮುಖದ ಮೇಲೆ ಬೀಳಬೇಕು, ಮನುಷ್ಯರ ಮೇಲೆ ಬೀಳಬಾರದು” ಎನ್ನುತ್ತಿದ್ದ. ಪಕ್ಕದಲ್ಲಿ ನಿಂತು ಬರೆದರೆ ಕಣ್ಣು ಸೊಟ್ಟ ಆಗದೆ ಇನ್ನೇನಾಗುತ್ತದೆ? ಅಪ್ಪ ಬರೆದ ದೇವರುಗಳೆಲ್ಲ ಸ್ವಲ್ಪ ಮೆಳ್ಳಗಣ್ಣೇ.

ಫೆಬ್ರವರಿ 7, ಶುಕ್ರವಾರ

ಬರೆದೆ.

ಚೈತ್ರಾ ಮಧ್ಯಾಹ್ನ ತರಕಾರಿಗೆ ಹೋದಾಗ ಶುರು ಮಾಡಿದೆ. ಮಾದರಿಗೆ ಯಾರ ಕಣ್ಣು ನೋಡುವುದು? ಕ್ಯಾಲೆಂಡರಿನ ದೇವಿಯರದೆಲ್ಲ ಒಂದೇ ಅಚ್ಚು, ಜೀವವಿಲ್ಲ. ಕೊನೆಗೆ ಗಡ್ಡ ಕೆರೆಯುವ ಕನ್ನಡಿಯನ್ನು ದೇವಿಯ ಭುಜಕ್ಕೆ ಒರಗಿಸಿ, ಅದರಲ್ಲಿ ನನ್ನದೇ ಕಣ್ಣು ನೋಡಿಕೊಳ್ಳುತ್ತಾ, ಅವಳ ಎದುರೆದುರು ಕೂತು ಬರೆದೆ. ಕನ್ನಡಿ ಇತ್ತಲ್ಲ, ಅಪ್ಪನ ಮಾತು ನಡೆಸಿದ ಹಾಗೇ ಆಯಿತು. ತಿರುಗಿಸಿ ಇಟ್ಟಿದ್ದೆ ಅಷ್ಟೆ.

ರೆಪ್ಪೆ ಎಳೆದೆ. ಮೂಲೆಗೆ ಸ್ವಲ್ಪ ಕೆಂಪು ಕೊಟ್ಟೆ. ಕಡೆಗೆ ಕಪ್ಪು ಗುಡ್ಡೆ. ಎರಡನೆಯದನ್ನು ಇಡುತ್ತಿದ್ದ ಹಾಗೆ ನಾನು ಹಿಂದಕ್ಕೆ ಸರಿದುಬಿಟ್ಟೆ. ನಾನೇ ಬರೆದದ್ದು, ಆದರೂ ಸರಿದೆ. ಯಾರೋ ನಿದ್ದೆಯಿಂದೆದ್ದು, ಇದು ಯಾರ ಮನೆ ಎಂದು ನೋಡುವ ನೋಟ ಅದು.

ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಏನನ್ನೂ ಬರೆದಿಲ್ಲ. ಖುಷಿಗೆ ಅಳು ಬಂತು. ಕಣ್ಣು ಉರಿ ಮಾತ್ರ ಸಂಜೆಯಾದರೂ ಹೋಗಿಲ್ಲ. ಈಗಿನ ಟರ್ಪಂಟೈನ್ ಸರಿಯಿಲ್ಲ.

ಫೆಬ್ರವರಿ 8, ಶನಿವಾರ

ಚೈತ್ರಾ ಕೋಣೆಗೆ ಹೋಗಿ ನೋಡಿದ್ದಾಳೆ. ಹೊರಗೆ ಬಂದು ಅಕ್ಕಿ ಆರಿಸುತ್ತಾ ಕೂತಳು.

“ಸೀರೆ ಅಂಗಡಿ ಬೊಂಬೆಗೆ ಯಾರಾದ್ರು ಗಲ್ಲಕ್ಕೆ ಹಚ್ಚೆ ಹಾಕ್ತಾರೇನ್ರಿ?” ಅಂದಳು.

“ಹೊಸ ಫ್ಯಾಷನ್.”

“ಕಣ್ಣು ಥೇಟ್ ನಿಮ್ಮವೇ. ನಮಗೊಂದು ಹೆಣ್ಣು ಹುಟ್ಟಿದ್ರ ಹಿಂಗೇ ಇರ್ತಿತ್ತು.”

ಮಕ್ಕಳಿಲ್ಲದ್ದನ್ನು ನಾವು ಮಾತಾಡಿ ಎಷ್ಟೋ ವರ್ಷವಾಗಿದೆ. ನನಗೆ ಯಾಕೋ ಸಿಟ್ಟು ಬಂತು. ಬೊಂಬೆಯ ಕೋಣೆಗೆ ಹೋಗಬ್ಯಾಡ ಎಂದು ಗದರಿದೆ. ಸಂಜೆ ನೋಡಿದರೆ ಅಲ್ಲಿ ದೀಪ ಹಚ್ಚಿ, ಒಂದು ಚಿಪ್ಪು ಬಾಳೆಹಣ್ಣು ಇಟ್ಟಿದ್ದಾಳೆ.

ಫೆಬ್ರವರಿ 11, ಮಂಗಳವಾರ

ದೇವಿಯನ್ನು ಮತ್ತೆ ಫ್ರಿಜ್ಜಿನ ಡಬ್ಬಕ್ಕೆ ಹಾಕಿ ಹರಿಹರದ ಆಚೆ ಹೊಳೆದಂಡೆಗೆ ಒಯ್ದೆವು. ಡಬ್ಬದ ಮುಂದಿನ ಭಾಗ ಬಾಗಿಲಿನ ಹಾಗೆ ಕೊಯ್ದು, ತೆಗೆದು ಮುಚ್ಚುವಂತೆ ಮಾಡಿದ್ದ ಕಾಂತರಾಜ್. ತೆಗೆದ. ಅವಳು ಎಲ್ಲಿ ನೋಡುತ್ತಾಳೆಂದು ಅವನೇ ಎದುರಿಗೆ ಅಡ್ಡಾಡಿದ. ಬಲಕ್ಕೆ ಹೋದ, ಎಡಕ್ಕೆ ಹೋದ, ಮರಳಿನಲ್ಲಿ ಬೋರಲು ಮಲಗಿದ. ಮದುವೆ ಮನೆಯಲ್ಲಿ ಫೋಟೋದವನ ಕಣ್ಣಿಗೆ ಬೀಳಲು ಒದ್ದಾಡುವವರ ಹಾಗಿತ್ತು.

“ನನ್ನ ನೋಡವಲ್ಲಳು. ಭಾವ, ನಿನ್ನ ನೋಡಾಕ ಹತ್ಯಾಳ.”

ನಾನು ಜಾಲಿ ಗಿಡದ ಹತ್ತಿರ ಹೋದೆ. ಅಲ್ಲಿಗೂ ನೋಡಿದಳು. ಬಂಡೆಯ ಮೇಲೆ ಹತ್ತಿದೆ. ಅಲ್ಲಿಗೂ. ಒಳ್ಳೆಯ ಚಿತ್ರ ಹಾಗೇ, ಎತ್ತ ಹೋದರೂ ನಮ್ಮನ್ನೇ ನೋಡಿದಂತಿರುತ್ತದೆ ಎಂದು ವಿವರಿಸಿದೆ.

“ಹಂಗಾದ್ರ ನನ್ನನ್ನೂ ನೋಡಬೇಕಿತ್ತಲ್ಲಣ್ಣ?” ಅಂದ ರಿಯಾಜ್. ಅವನು ನನ್ನ ಪಕ್ಕದಲ್ಲೇ ನಿಂತಿದ್ದ. ಅವನ ದನಿ ಸಣ್ಣಗಾಗಿತ್ತು.

ಕಾಂತರಾಜ್ ಅಷ್ಟಕ್ಕೆಲ್ಲ ಹೆದರುವವನಲ್ಲ. ನಾನು ನಿಂತಲ್ಲೆಲ್ಲ ಗುದ್ದಲಿ ಹಾಕಿದ. ಒಂಟಿ ಚಪ್ಪಲಿ, ಕಾಲಿಲ್ಲದ ಕುರ್ಚಿ ಸಿಕ್ಕವು. ಅಷ್ಟರಲ್ಲಿ ಬೈಕಿನ ಮೇಲೆ ಒಬ್ಬರು ಪೊಲೀಸಿನವರು ಬಂದರು. ಏನ್ರಪ್ಪಾ ಇದು ಎಂದರು.

“ಗಿಡ ನೆಡ್ತಿದೀವಿ ಸಾರ್, ಪರಿಸರ,” ಅಂದ ರಿಯಾಜ್.

“ಮತ್ತ ಫ್ರಿಜ್ಜು ಯಾಕ?”

“ಬಿಸಿಲು ಸಾರ್. ತಣ್ಣೀರಿಗೆ.”

ಗಿಡ ಒಣಗಿದರೆ ನಿಮ್ಮನ್ನು ಹುಡುಕಿಕೊಂಡು ಬರುತ್ತೇನೆ ಎಂದು ಹೇಳಿ ಹೋದರು.

ವಾಪಸ್ ಬರುವಾಗ ಮುಂದೆ ಒಂದು ಬಸ್ಸು ಹೋಗುತ್ತಿತ್ತು. ಬೋರ್ಡು ಓದಲಾಗಲಿಲ್ಲ. ಈಗಿನವರ ಅಕ್ಷರ ಅಷ್ಟು ಕೆಟ್ಟದ್ದು.

ಫೆಬ್ರವರಿ 13, ಗುರುವಾರ

ಇವತ್ತು ಒಂದು ತಮಾಷೆ. ಹಗಲೆಲ್ಲ ಅಂಗಡಿಯಲ್ಲಿ ಕೂತು ಗಾಜು ಒರೆಸುತ್ತಿದ್ದೆ. ರಿಯಾಜ್ ಗುದ್ದಲಿ ಇಡಲು ಹಿಂದಿನ ಕೋಣೆಗೆ ಹೋದ. ಸುತ್ತ ನೋಡಿದ. ದೇವಿಯ ಮುಂದಿನ ಬಾಳೆಹಣ್ಣು ಒಂದನ್ನು ಕಿತ್ತು, ಎರಡೇ ತುತ್ತಿಗೆ ನುಂಗಿ, ಸಿಪ್ಪೆಯನ್ನು ಅಂಗಿಯ ಜೇಬಿಗೆ ತುರುಕಿಕೊಂಡ. ಹೊರಗೆ ಬಂದಾಗ ನಾನು ನಗುತ್ತಾ, “ಹಸಿವಾಗಿದ್ರ ಕೇಳಬಾರದೇನೋ ರಿಯಾಜ್, ಸಿಪ್ಪೆ ಜೇಬಿನಾಗ ಯಾಕ?” ಅಂದೆ.

ಅವನ ಮುಖ ಬಿಳಚಿಕೊಂಡಿತು. ಜೇಬು ಹಿಡಿದುಕೊಂಡ.

“ಅಣ್ಣ, ನೀವು ಇಲ್ಲೇ ಕೂತಿದ್ರಿ. ಬಾಗಿಲು ಮುಚ್ಚಿತ್ತು.”

“ನೋಡಿದ್ನಲ್ಲೋ.”

“ಖುದಾ ಕಸಂ, ಒಳಗ ಯಾರೂ ಇರಲಿಲ್ಲ ಅಣ್ಣ.”

ಬಾಳೆಹಣ್ಣಿಗೆ ಇಷ್ಟು ಹೆದರುವವನು ಕಳ್ಳತನಕ್ಕೆ ಯಾಕೆ ಬಂದ? ಆಟೋ ಬಿಟ್ಟುಕೊಂಡು ಹೋದವನು ಫೋನೂ ಎತ್ತುತ್ತಿಲ್ಲ.

ಫೆಬ್ರವರಿ 17, ಸೋಮವಾರ

ಮನೆ ಹಾಳಾಯಿತು. ನಾನು ಹಿಂದಿನ ಕೋಣೆಯಲ್ಲಿ ದಿನಾ ಕೂರುವ ಕುರ್ಚಿಯ ಕೆಳಗೇ ನಿಧಿ ಇರಬೇಕು ಎಂದು ಕಾಂತರಾಜ್ ತೀರ್ಮಾನಿಸಿದ. ಅವಳು ಅಲ್ಲಿಗೇ ನೋಡುತ್ತಾಳಲ್ಲ. ನಿಧಿ ನಡೆದಾಡುತ್ತದೆ ಎಂದು ಯಾವುದೋ ಯೂಟ್ಯೂಬಿನಲ್ಲಿ ನೋಡಿದ್ದಾನಂತೆ. ಟೈಲ್ಸ್ ಎಬ್ಬಿಸಿ ಅಗೆದ. ಠಣ್ ಎಂದಿತು. “ಕೊಪ್ಪರಿಗೆ!” ಎಂದು ಕೂಗಿ ಇನ್ನೊಂದು ಏಟು ಹಾಕಿದ. ಅದು ಬಚ್ಚಲಿನ ಪೈಪು.

ಚೈತ್ರಾ ತಮ್ಮನನ್ನು ಪೊರಕೆಯಲ್ಲಿ ಬಡಿದಳು. ಅವನು ಏಟು ತಿನ್ನುತ್ತಲೇ ಎಲ್ಲಾ ಬಾಯಿಬಿಟ್ಟ, ಗುಡಿ, ನಿಧಿ, ಎಲ್ಲಾ. ಅವಳು ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಬೈಯಲಿಲ್ಲ. ಹತ್ತಿರ ಬಂದು ಮುಖದ ಮುಂದೆ ಕೈ ಆಡಿಸಿದಳು.

“ರೀ, ನೀರಿನಾಗ ನಿಂತೀರಿ. ಕಾಣಿಸವಲ್ದಾ?”

ಟ್ಯೂಬ್‌ಲೈಟು ಮಂಕಾಗಿದೆ, ವೋಲ್ಟೇಜ್ ಇಲ್ಲ ಎಂದೆ. ಲೈಟೇ ಹಾಕಿಲ್ಲ, ಹೊರಗೆ ಬಿಸಿಲಿದೆ ಎಂದಳು.

ಫೆಬ್ರವರಿ 20, ಗುರುವಾರ

ಚೈತ್ರಾ ಎಸ್.ಎಸ್. ಬಡಾವಣೆಯ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಔಷಧಿ ಬಿಟ್ಟು, ದೀಪ ಬಿಟ್ಟು, ಬಹಳ ಹೊತ್ತು ನೋಡಿದರು. ಕಣ್ಣಿನಲ್ಲಿ ಏನೂ ತೊಂದರೆಯಿಲ್ಲ, ಕಾಣಿಸಲೇಬೇಕು ಅಂದರು. ಅದನ್ನೇ ನಾನೂ ಹೇಳುತ್ತಿದ್ದದ್ದು. ಗೋಡೆಯ ಮೇಲೆ ಅಕ್ಷರ ಓದಿ ಎಂದರು. ಗೋಡೆ ಎಲ್ಲಿದೆ ಎಂದು ಕೇಳಿದೆ. ಚೈತ್ರಾ ಅಳುತ್ತಿದ್ದಳು. ತಪಾಸಣೆಗೆ ಬೆಂಗಳೂರಿಗೆ ಬರೆದುಕೊಟ್ಟಿದ್ದಾರೆ.

ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗಲೇ ಕಾಂತರಾಜ್ ನಮ್ಮ ಹಿಂದಿನ ಕೋಣೆಯಲ್ಲಿ ದೇವಿಯ ಮೂಗುತಿ ಕಳಚಲು ನೋಡಿದ. ಬರಲಿಲ್ಲ. ಬೆರಳು ಚುಚ್ಚಿಸಿಕೊಂಡು ಬಾಯಿಗೆ ಇಟ್ಟುಕೊಂಡ. ಫೋನ್ ಮಾಡಿ ಉಗಿದೆ. “ಭಾವ, ಎಲ್ಲಿದ್ದೀಯ ನೀನು?” ಎಂದು ಮೂರು ಸಲ ಕೇಳಿದ. ಮನೆಗೆ ಬರುವಷ್ಟರಲ್ಲಿ ಅವನಿಲ್ಲ. ಚೈತ್ರಾ ಹೇಳುತ್ತಾಳೆ, ಅವನ ಬಟ್ಟೆಯ ಚೀಲವೂ ಇಲ್ಲ.

ಫೆಬ್ರವರಿ 22, ಶನಿವಾರ

ಬರೆಯುವಾಗ ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಳ್ಳುತ್ತೇನೆ. ಸಾಲಿನ ಮೇಲೆ ಸಾಲು ಬರೆದಿದ್ದೀರಿ ಎಂದು ಚೈತ್ರಾ ನಿನ್ನೆಯ ಹಾಳೆ ಹರಿದಳು. ಈ ಪುಸ್ತಕ ಅವಳಿಗೆ ಯಾವಾಗ ಸಿಕ್ಕಿತೋ!

ದೇವಿಯ ಕೋಣೆಯಲ್ಲಿ ಮಾತ್ರ ಬೆಳಕು ಚೆನ್ನಾಗಿದೆ. ಅಲ್ಲಿ ಎಲ್ಲಾ ಕಾಣುತ್ತದೆ. ಎದುರಿಗೆ ಒಬ್ಬ ಕುರ್ಚಿಯಲ್ಲಿ ಕೂತಿರುತ್ತಾನೆ, ಅಷ್ಟೆ. ಸುಮ್ಮನೆ ಕೂತಿರುತ್ತಾನೆ.

ಫೆಬ್ರವರಿ 25, ಮಂಗಳವಾರ

ಬೆಳಗ್ಗೆ ಬಾಗಿಲು ಬಡಿದ ಸದ್ದು. ಪೊಲೀಸರು ಎಂದುಕೊಂಡೆ. ಹೆಂಗಸಿನ ದನಿ, ಮುದುಕಿ. ಜೊತೆಯಲ್ಲಿ ರಿಯಾಜ್, ಕೆಮ್ಮಿನಿಂದ ಗೊತ್ತಾಯಿತು.

“ಅಣ್ಣ, ತಪ್ಪು ತಿಳಕೋಬ್ಯಾಡ್ರಿ. ನನಗೆ ನಿದ್ದೇನೇ ಬರವಲ್ದು. ಹೋಗಿ ಹೇಳಿಬಿಟ್ಟೆ,” ಅಂದ. “ಇವರು ಭೀಮವ್ವ. ಆ ಗುಡಿ ಪೂಜಾರಿ.”

ಮುದುಕಿ ಕೂಗಾಡಲಿಲ್ಲ. ಒಳಗೆ ಬಂದು ನೀರು ಕೇಳಿ ಕುಡಿದಳು. ಆಮೇಲೆ ಅಂದಳು, “ಮಗಳನ್ನ ಕರಕೊಂಡು ಹೋಗಾಕ ಬಂದೀನಿ ಯಪ್ಪಾ. ತವರಿಗೆ ಬಂದಾಕಿ ಎಷ್ಟು ದಿನ ಅಂತ ಇರ್ತಾಳೆ?”

ಆಮೇಲೆ ಅವಳೇ ಬಿಡಿಸಿ ಹೇಳಿದಳು. ಊರಿನಲ್ಲಿ ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ. ಕಣ್ಣಿಲ್ಲದಾಗ ಅವ್ವ ತವರಿನಲ್ಲಿರುತ್ತಾಳೆ, ಹಾಗಾಗಿ ಗುಡಿಯಲ್ಲಿಲ್ಲ ಎಂದು ಯಾರೂ ಗಾಬರಿಯಾಗಿಲ್ಲ. ಅವಳು ಎಲ್ಲಿದ್ದರೆ ಅದೇ ಅವಳ ತವರು, ನಾವು ತವರಿನವರು. ಮುದುಕಿ ಬಳೆ, ಕುಪ್ಪಸದ ಖಣ, ಉಡಿಯಕ್ಕಿ ತಂದಿದ್ದಾಳೆ.

ಹಿಂದಿನ ಕೋಣೆಗೆ ಹೋದಳು. ಅವಳ ಮುಖ ಹತ್ತಿರ ಬಂತು, ಸುಕ್ಕು ಸುಕ್ಕಾಗಿ, ಹಣೆಗೆ ಹಚ್ಚಿದ ಭಂಡಾರದ ಅರಿಶಿನ ಬೆವರಿಗೆ ಕರಗಿತ್ತು. ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡಳು. ಹೊರಗೆ ನನ್ನ ಹತ್ತಿರ ಬಂದು ಕೂತಳು.

“ಕನ್ನಡಿ ಇಡಲಿಲ್ಲೇನು?”

“ಇಟ್ಟಿದ್ದೆ. ನನ್ನ ಕಡೆಗೆ.”

“ಅಯ್ಯೋ ನನ್ನಪ್ಪಾ.” ನನ್ನ ಮೊಣಕಾಲು ತಟ್ಟಿದಳು. “ನಿಧಿ ಹುಡುಕಿದ್ರಂತೆ. ಆಕಿಗೆ ಯಾವ ನಿಧಿ ಗೊತ್ತೈತೆ? ತವರಿಲ್ಲದ ಹೆಣ್ಣು ಅದು. ಹೊಳ್ಯಾಗ ತೇಲಿ ಬಂದಿದ್ದು. ಕಣ್ಣು ಬರೆದಾಗೆಲ್ಲ ತನ್ನವರನ್ನೇ ಹುಡುಕ್ತಾಳೆ. ಅದಕ್ಕೇ ಕನ್ನಡಿ ಇಟ್ಟು ಆಕಿ ಮುಖನೇ ಆಕಿಗೆ ತೋರಿಸೋದು. ನೀನು ನಿನ್ನ ತೋರಿಸಿಬಿಟ್ಟಿ.”

ಚೈತ್ರಾ ಅವಳ ಕಾಲು ಹಿಡಿದಳು. ಕಣ್ಣು ವಾಪಸ್ ಬರಲು ಏನು ಮಾಡಬೇಕು ಎಂದು ಕೇಳಿದಳು.

“ಬರೆದವನೇ ಒರೆಸಬೇಕು. ಗುಡಿ ಒಳಗ ಕೂಡೋಕೆ ಮೊದಲೇ ಒರೆಸಿಬಿಡಬೇಕು. ಶುಕ್ರವಾರ ಕರಕೊಂಡು ಹೋಗಾಕ ಬರ್ತೀನಿ. ಒರೆಸಿದ್ರ ನಾವು ಹೊಸದಾಗಿ ಬರೆಸ್ತೀವಿ, ನಿನ್ನವು ನಿನಗ ಬರ್ತಾವು. ಒರೆಸದಿದ್ರ ಇಲ್ಲ.”

ಕೆಲಸ ಗೊತ್ತಿಲ್ಲದವರು ಹೀಗೇ ಮಾತಾಡುವುದು. ಒರೆಸುವುದಂತೆ!

ಫೆಬ್ರವರಿ 27, ಗುರುವಾರ

ಚೈತ್ರಾ ಬಟ್ಟೆಗೆ ಟರ್ಪಂಟೈನ್ ಹಾಕಿ ನನ್ನ ಕೈಗೆ ಕೊಟ್ಟಳು. ಕೈ ಹಿಡಿದು ಕೋಣೆಗೆ ಕರೆದೊಯ್ದಳು. “ನಿಮ್ಮ ಕಾಲಿಗೆ ಬೀಳ್ತೀನಿ, ಒರೆಸ್ರಿ,” ಅಂದಳು.

ಬಟ್ಟೆ ಹಿಡಿದ ಕೈ ಮುಖದ ಹತ್ತಿರ ಬಂತು. ಎಷ್ಟು ದೊಡ್ಡ ಕೈ, ಉಗುರಿನಲ್ಲಿ ಕಪ್ಪು ಬಣ್ಣ. ನನಗೆ ಭಯವಾಯಿತು, ಚಿಕ್ಕವನಿದ್ದಾಗ ಅಪ್ಪ ಹೊಡೆಯಲು ಕೈ ಎತ್ತಿದಾಗ ಆಗುತ್ತಿದ್ದಂಥ ಭಯ. ಬೇಡ, ಬೇಡ ಎಂದೆ. ಜೋರಾಗಿ ಅಂದೆನಂತೆ. ಆದರೆ ಅದು ನಿಮ್ಮ ದನಿಯ ಹಾಗಿರಲಿಲ್ಲ ಎಂದು ಚೈತ್ರಾ ಹೇಳುತ್ತಾಳೆ.

ಬಟ್ಟೆ ಬಿಸಾಡಿದೆ. ಚೈತ್ರಾಳಿಗೆ ಹೇಗೆ ತಿಳಿಸುವುದು? ಅಂಗಡಿಗಳ ಹೆಸರು ಬರೆದೆ, ಲಾರಿ ನಂಬರು ಬರೆದೆ, ಎಲ್ಲವನ್ನೂ ಅವರವರೇ ಕಿತ್ತು ಗುಜರಿಗೆ ಹಾಕಿದರು. ಇದೊಂದು ಉಳಿಯಲಿ. ಮಗಳಿಗೆ ಕೊಟ್ಟದ್ದನ್ನು ಯಾವ ಅಪ್ಪ ವಾಪಸ್ ಕೇಳುತ್ತಾನೆ? ಬೆಂಗಳೂರಿನ ಡಾಕ್ಟರು ಇದ್ದಾರಲ್ಲ, ಕಣ್ಣಿನಲ್ಲಿ ಏನೂ ತೊಂದರೆಯಿಲ್ಲ ಎಂದು ಇವರೇ ಹೇಳಿದ್ದಾರೆ.

ಫೆಬ್ರವರಿ 28, ಶುಕ್ರವಾರ

ಕಳಿಸಿಕೊಟ್ಟೆವು.

ಚೈತ್ರಾ ಬೆಳಗಿನಿಂದ ನನ್ನ ಜೊತೆ ಮಾತಾಡಿಲ್ಲ. ಆದರೂ ಹೋಳಿಗೆ ಮಾಡಿದಳು, ತನ್ನ ಮದುವೆಯ ಹಸಿರು ರೇಷ್ಮೆ ಸೀರೆ ತೆಗೆದು ಅವಳಿಗೆ ಉಡಿಸಿದಳು, ಉಡಿ ತುಂಬಿದಳು. ಕಣ್ಣೀರು ಅಕ್ಕಿಯ ಮೇಲೆ ಬೀಳುತ್ತಿತ್ತು. ಚೈತ್ರಾ ಇಷ್ಟು ಚಂದ ಇದ್ದಾಳೆಂದು ನಾನು ಇಷ್ಟು ವರ್ಷ ಸರಿಯಾಗಿ ನೋಡಿಯೇ ಇರಲಿಲ್ಲ.

ಹೊರಡುವಾಗ ಭೀಮವ್ವ ಪದ್ಧತಿಯಂತೆ ಹೊಸ್ತಿಲಲ್ಲಿ ನಿಂತು ಕೇಳಿದಳು, “ತವರಿನವರು ಮಗಳಿಗೆ ಏನು ಕೊಟ್ಟು ಕಳಿಸ್ತೀರಿ?”

“ಕಣ್ಣು ಕೊಟ್ಟೀನಿ,” ಅಂದೆ. ಹೆಮ್ಮೆಯಿಂದಲೇ ಅಂದೆ.

ರಿಯಾಜ್ ಆಟೋದ ಹಿಂದೆ ಮುಖ ಮುಚ್ಚಿಕೊಂಡು ಅತ್ತ. ಈ ಸಲ ಫ್ರಿಜ್ಜಿನ ಡಬ್ಬವಿಲ್ಲ. ಹರಿಹರದ ಸೇತುವೆ, ಹೊಳೆಯ ನೀರು, ನಾಟಿ ಮಾಡಿದ ಗದ್ದೆಗಳು. ಎಷ್ಟು ಹಸಿರು! ದಾರಿಯುದ್ದಕ್ಕೂ ನೋಡುತ್ತಾ ಹೋದೆ. ಚೈತ್ರಾ ನಡುವೆ ಬಂದು, ಒಬ್ಬರೇ ಕತ್ತಲ ಕೋಣೆಯಲ್ಲಿ ಕೂತು ಯಾಕೆ ನಗುತ್ತೀರಿ ಎಂದು ಕೇಳಿದಳು.

ಮಾರ್ಚ್ 4, ಮಂಗಳವಾರ

ಗುಡಿಯ ಬಾಗಿಲು ತೆಗೆದರು. ಗೋಡೆಗೆ ಹೊಸ ಸುಣ್ಣ ಬಳಿದಿದ್ದಾರೆ. ಭೀಮವ್ವ ಆರತಿ ಎತ್ತಿದಳು, ಸ್ವಲ್ಪ ಹೊತ್ತು ಹೊಗೆಯಲ್ಲಿ ಏನೂ ಕಾಣಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಂದರು. ಎಲ್ಲರೂ ತಲೆ ಬಗ್ಗಿಸುತ್ತಾರೆ, ನೆತ್ತಿಗಳೇ ಹೆಚ್ಚು ಕಾಣುತ್ತವೆ. ಈ ಸಲ ಅವ್ವನ ಕಣ್ಣು ಬಹಳ ಚೆನ್ನಾಗಿ ಬಂದಿದೆ ಎಂದು ಯಾರೋ ಅಂದರು. ಸಂತೋಷವಾಯಿತು.

ಕೊನೆಗೆ ಚೈತ್ರಾ ಬಂದಳು. ಒಬ್ಬನ ಕೈ ಹಿಡಿದುಕೊಂಡು, ಹೊಸ್ತಿಲು ಇದೆ, ಕಾಲೆತ್ತಿ ಎಂದು ಮೆಲ್ಲಗೆ ಹೇಳುತ್ತಾ ಕರೆತಂದಳು. ಅಂಗಿಯ ಗುಂಡಿ ಒಂದಕ್ಕೊಂದು ತಪ್ಪಿಸಿ ಹಾಕಿಕೊಂಡಿದ್ದಾನೆ. ಗಡ್ಡ ಕೆರೆದಿಲ್ಲ. ಎಲ್ಲೋ ನೋಡಿದ ಮುಖ. ಅವನನ್ನು ಕಂಬದ ಹತ್ತಿರ ಕೂರಿಸಿದಳು. ಸುತ್ತ ಇಷ್ಟು ಜನರಿದ್ದಾರೆ, ಆದರೆ ನೋಟ ಅವನನ್ನು ಬಿಟ್ಟು ಆಚೀಚೆ ಹೋಗುತ್ತಿಲ್ಲ.

ಅವನು ಚೀಲದಿಂದ ಒಂದು ಪುಸ್ತಕ ತೆಗೆದ. ತೊಡೆಯ ಮೇಲಿಟ್ಟು, ಸ್ಕೇಲ್ ಇಟ್ಟುಕೊಂಡು, ಮುಖ ಮೇಲೆತ್ತಿಕೊಂಡೇ ಬರೆಯುತ್ತಿದ್ದಾನೆ. ಚೈತ್ರಾ ಪಕ್ಕದಲ್ಲಿ ಕೂತು ಅವನ ಭುಜಕ್ಕೆ ತಲೆ ಒರಗಿಸಿದ್ದಾಳೆ. ಸಾಲು ಡೊಂಕಾದಾಗ ಸ್ಕೇಲನ್ನು ತಾನೇ ಸರಿಸುತ್ತಾಳೆ.

ಏನು ಬರೆಯುತ್ತಿದ್ದಾನೆಂದು ಇಲ್ಲಿಂದಲೇ ಒಂದೊಂದು ಅಕ್ಷರವೂ ಕಾಣುತ್ತದೆ. ದೂರದ ಬೋರ್ಡು ಓದುವುದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ?